ಅವ್ವನ ನೀರೊಲೆಯ ಬದಲಿಗೆ ಏನು ಹಾಕಿಸಲಿ?

ಕರಿಮಣ್ಣಿನ ಮಾಸ್ತರ, ಲಿಂಗಸುಗೂರು ತಾಲೂಕು

ನಮಸ್ಕಾರ. ರಾಯಚೂರು ಜಿಲ್ಲೆಯವನು ಒಲೆಯ ಮಾತು ತೆಗೆದಿದ್ದಾನಲ್ಲ ಎಂದು ನಗಬೇಡಿ. ಮೇ ತಿಂಗಳಲ್ಲಿ ನಮ್ಮ ಟ್ಯಾಂಕಿನ ನೀರೇ ಮೈ ಸುಡುತ್ತದೆ, ಒಪ್ಪಿದೆ. ಆದರೆ ಎಳ್ಳಮಾವಾಸ್ಯೆ ಹೊತ್ತಿಗೆ ಬೆಳಗಿನ ಜಾವ ತಣ್ಣೀರು ಮುಟ್ಟಿದವರಿಗೆ ಗೊತ್ತು ನನ್ನ ಕಷ್ಟ.

ನಮ್ಮದು ಹಳೆಯ ಮಾಳಿಗೆ ಮನೆ, ಮರದ ಜಂತಿಯ ಮೇಲೆ ಮಣ್ಣಿನ ಚಾವಣಿ. ಹಿಂದೆ ಬಚ್ಚಲು, ಬಚ್ಚಲ ಮೂಲೆಯಲ್ಲಿ ನೀರೊಲೆ. ಅಪ್ಪ ಮಣ್ಣು, ಇಟ್ಟಿಗೆಯಲ್ಲಿ ಕಟ್ಟಿದ್ದು. ಮೇಲೆ ತಾಮ್ರದ ಹಂಡೆ, ಅವ್ವನ ಲಗ್ನದಲ್ಲಿ ತವರಿಂದ ಬಂದದ್ದು. 80 ಲೀಟರ್ ಹಿಡಿಯುತ್ತದೆ. ಹೋದ ತಿಂಗಳು ಹಂಡೆಯ ತಳ ಸೋರಿ ಒಲೆ ತಾನಾಗಿಯೇ ಆರಿತು. ಇಳಿಸಿ ನೋಡಿದರೆ ಒಲೆಯ ಹಿಂಬದಿಯೂ ಬಿರುಕು ಬಿಟ್ಟಿದೆ. ಚಿಮಣಿ ಅಂತ ಏನೂ ಇಲ್ಲ. ಹೊಗೆ ಬೆಳಕಿಂಡಿಯಿಂದ ಹೋದಷ್ಟು ಹೋಗುತ್ತದೆ, ಉಳಿದದ್ದು ನಮ್ಮ ಕಣ್ಣಿಗೆ. ಮೇಲಿನ ಜಂತಿಗಳು ಡಾಂಬರು ಬಳಿದಂತೆ ಕಪ್ಪಾಗಿವೆ.

ಮನೆಯವಳು ಗೀಸರ್ ಅನ್ನುತ್ತಾಳೆ. ಬೆಂಗಳೂರಲ್ಲಿರುವ ಮಗ ಸೋಲಾರ್ ಅನ್ನುತ್ತಾನೆ. ಅವ್ವ ಮಾತ್ರ "ಇದ್ದದ್ದಕ್ಕ ಒಂದೀಟು ಮಣ್ಣು ಮೆತ್ತು, ಸಾಕು" ಅನ್ನುತ್ತಾಳೆ. ನನಗೆ ಕಟ್ಟಿಗೆಯೇ ಇರಲಿ ಅನ್ನಿಸುತ್ತದೆ. ನಾಲ್ಕು ಎಕರೆ ಹತ್ತಿ ಇದೆ, ಬಿಡಿಸಿದ ಮೇಲೆ ಹತ್ತಿಕಟ್ಟಿಗೆ ಬಣವೆಯಷ್ಟು ಬೀಳುತ್ತದೆ. ಹಳ್ಳದ ದಂಡೆಗೆ ಬಳ್ಳಾರಿ ಜಾಲಿ ಕೇಳುವವರೇ ಇಲ್ಲದೆ ಬೆಳೆದಿದೆ. ಇಷ್ಟು ಇಟ್ಟುಕೊಂಡು ಬೇರೆ ಏನು ಉರಿಸಲಿ?

ನಾನು ಶಾಲೆಯಲ್ಲಿ ವಿಜ್ಞಾನ ಹೇಳುವವನು. ಸುಮ್ನೆ ಕೂಡಲಾರದೆ, ಒಲೆ ಕೆಡುವ ಮೊದಲೇ ಒಂದು ವಾರ ಹತ್ತಿ ತೂಗುವ ಕಾಟಾದಲ್ಲಿ ಕಟ್ಟಿಗೆ ತೂಗಿ ಹಚ್ಚಿದ್ದೆ. ದಿನಕ್ಕೆ ಐದೂವರೆ ಕೆ.ಜಿ. ಬೇಕಾಯಿತು. ಈಗ ಲೆಕ್ಕ ನೋಡಿ. 80 ಲೀಟರ್ ನೀರನ್ನು 22 ಡಿಗ್ರಿಯಿಂದ 50ಕ್ಕೆ ಏರಿಸಲು 2,240 ಕಿಲೋ ಕ್ಯಾಲರಿ ಸಾಕು. ಒಂದು ಕೆ.ಜಿ. ಒಣ ಕಟ್ಟಿಗೆಯಲ್ಲಿ 3,500 ಸಿಗುತ್ತದೆ ಅಂದುಕೊಂಡರೂ, ಮುಕ್ಕಾಲು ಕೆ.ಜಿ.ಯೊಳಗೆ ಕೆಲಸ ಮುಗಿಯಬೇಕು! ನೂರರಲ್ಲಿ ಹನ್ನೆರಡು ಪಾಲು ಬಿಸಿ ಮಾತ್ರ ನೀರಿಗೆ ಹೋಗುತ್ತಿದೆ. ಉಳಿದದ್ದು ಜಂತಿಗೆ, ಗೋಡೆಗೆ, ಆಕಾಶಕ್ಕೆ.

ನಿಂತು ಕಾಯುವ ತಾಮ್ರದ ಬಾಯ್ಲರ್ ತರಲೇ, ಕಬ್ಬಿಣದ ಪತ್ರಾದ್ದು ತರಲೇ, ಇಲ್ಲ ಇದೇ ಒಲೆಯನ್ನು ಸರಿಯಾಗಿ ಕಟ್ಟಿಸಲೇ? ಭತ್ತದ ಹೊಟ್ಟು ಉರಿಸುವ ಒಲೆಯೂ ಇದೆಯಂತೆ, ಸಿಂಧನೂರು ಕಡೆಯಿಂದ ಹೊಟ್ಟು ತರಬಹುದು.

ಇನ್ನೊಂದು ಮಾತು. ಇದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ. ಅವ್ವನಿಗೆ 74. ಚಳಿಗಾಲ ಪೂರ್ತಿ ಬೆಳಿಗ್ಗೆ ಆ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತು ಕೈ ಕಾಯಿಸುತ್ತಾಳೆ. ನಮ್ಮ ಮನೆಯಲ್ಲಿ ಅಗ್ಗಿಷ್ಟಿಕೆ ಅಂದರೆ ಅದೇ.

ತುಂಗಭದ್ರಾ ಎಡದಂಡೆ, ಗಂಗಾವತಿ

ಮಾಸ್ತರೇ, ನಮ್ಮಲ್ಲಿ ತಾಮ್ರದ ಬಾಯ್ಲರ್ 11 ವರ್ಷದಿಂದ ಇದೆ. ಮಹಾರಾಷ್ಟ್ರದ ಕಡೆ ಇದನ್ನೇ ಬಂಬ ಅನ್ನುತ್ತಾರೆ. ನಡುವೆ ಒಂದು ಕೊಳವೆ, ಅದರ ಸುತ್ತ ನೀರು, ಕೆಳಗೆ ಬೆಂಕಿ. ಉರಿ ಕೊಳವೆಯಲ್ಲೇ ಮೇಲೆ ಹೋಗುತ್ತದೆ, ನೀರಿನ ಹೊಟ್ಟೆಯೊಳಗೇ ಬೆಂಕಿ ಇಟ್ಟಂತೆ. ಅದಕ್ಕೇ ಬೇಗ ಕಾಯುತ್ತದೆ. ಮೇಲಿನ ಆಲಿಕೆಯಲ್ಲಿ ಒಂದು ಬಕೆಟ್ ತಣ್ಣೀರು ಸುರಿದರೆ ಅದು ತಳಕ್ಕೆ ಹೋಗಿ, ಮೇಲಿನ ಬಿಸಿನೀರು ಒಂದು ಬಕೆಟ್ ಈಚೆ ಬರುತ್ತದೆ. ಜಾಣ ಕೆಲಸ.

ಆದರೆ ನಿಮ್ಮ ಹತ್ತಿಕಟ್ಟಿಗೆಗೆ ಅದು ಹೊಂದುವುದಿಲ್ಲ. ಬಾಯಿ ಸಣ್ಣದು. ಗೇಣುದ್ದ ಕಡಿದು ಹಾಕಬೇಕು. ಹತ್ತಿಕಟ್ಟಿಗೆ ಚಟಪಟ ಉರಿದು ಐದು ನಿಮಿಷಕ್ಕೆ ಮುಗಿಯುತ್ತದೆ, ಒಬ್ಬರು ಮುಂದೆಯೇ ಕೂತು ಹಾಕುತ್ತಿರಬೇಕು. ಜಾಲಿಯಾದರೆ ಚೆನ್ನ, ಕೆಂಡ ನಿಲ್ಲುತ್ತದೆ. ಹಸಿ ಜಾಲಿ ಮಾತ್ರ ಹಾಕಬೇಡಿ. ಒಂದು ಬೇಸಿಗೆಯಾದರೂ ಒಣಗಲಿ.

ಎರಡು ಎಚ್ಚರಿಕೆ. ನೀರಿಲ್ಲದೆ ಬೆಂಕಿ ಹಾಕಿದರೆ ಬೆಸುಗೆ ಬಿಡುತ್ತದೆ, ನಮ್ಮ ತಮ್ಮ ಒಮ್ಮೆ ಆ ಕೆಲಸ ಮಾಡಿದ್ದಾನೆ. ಇನ್ನೊಂದು, ಟ್ಯಾಂಕಿನ ಪೈಪಿಗೆ ಜೋಡಿಸಿ ಬಿಸಿನೀರು ಬರುವ ಕಡೆ ನಲ್ಲಿ ಹಾಕಿ ಬಂದ್ ಮಾಡುವವರಿದ್ದಾರೆ. ಆವಿಗೆ ದಾರಿ ಇಲ್ಲದಿದ್ದರೆ ಅದು ಬಾಯ್ಲರ್ ಅಲ್ಲ, ಬಾಂಬ್.

ಬೋರಿನ ನೀರಾದರೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಮೂರು ತಿಂಗಳಿಗೊಮ್ಮೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ ಹಾಕಿ ರಾತ್ರಿ ಬಿಟ್ಟು ತೊಳೆಯುತ್ತೇವೆ. ಹೊಟ್ಟಿನ ಒಲೆಯ ಆಸೆ ಬಿಡಿ. ನಮ್ಮೂರಲ್ಲಿ ರೈಸ್ ಮಿಲ್ ಸಾಲುಸಾಲು ಇವೆ, ಆದರೂ ಮನೆಯಲ್ಲಿ ಹೊಟ್ಟು ಉರಿಸುವವರು ಕಡಿಮೆ. ಸರಿಯಾಗಿ ಒತ್ತಿ ತುಂಬದಿದ್ದರೆ ಹೊಗೆಯೇ ಜಾಸ್ತಿ, ಬೂದಿಯಂತೂ ಮುಗಿಯುವುದೇ ಇಲ್ಲ.

ಬಿಸಿಲೇ ಬಂಗಾರ, ಬಳ್ಳಾರಿ

ವರ್ಷದಲ್ಲಿ ಹತ್ತು ತಿಂಗಳು ಬಿಸಿಲು ಹೊಡೆಯುವ ಊರಲ್ಲಿ ಕೂತು ಕಟ್ಟಿಗೆ ತೂಗುತ್ತಿದ್ದೀರಲ್ಲ ಸರ್. ಸೋಲಾರ್ ಹಾಕಿಸಿ, ಮರೆತುಬಿಡಿ. ಇಲ್ಲವೇ ನಿಮ್ಮ ಲೆಕ್ಕದಲ್ಲೇ ಹೇಳುತ್ತೇನೆ. 2,240 ಕಿಲೋ ಕ್ಯಾಲರಿ ಎಂದರೆ ಕರೆಂಟಿನಲ್ಲಿ 2.6 ಯೂನಿಟ್. ತಿಂಗಳಿಗೆ 80 ಯೂನಿಟ್ ಆಸುಪಾಸು. ಗೃಹಜ್ಯೋತಿ ಇದೆಯಲ್ಲ.

ಕರಿಮಣ್ಣಿನ ಮಾಸ್ತರ

ಗೃಹಜ್ಯೋತಿ 200 ಯೂನಿಟ್ ಅಂದರೂ ನಮ್ಮ ಪಾಲಿಗೆ ಬರುವುದು ಹಿಂದಿನ ಸರಾಸರಿ ಬಳಕೆಯ ಮೇಲೆ ಹತ್ತು ಪರ್ಸೆಂಟ್ ಸೇರಿಸಿ. ನಮ್ಮ ಬಳಕೆ 60ರ ಮೇಲೆ ಹೋದದ್ದೇ ಇಲ್ಲ. ಹೊಸದಾಗಿ 80 ಯೂನಿಟ್ ಏರಿಸಿದರೆ ಮೇಲಿನದ್ದಕ್ಕೆ ದುಡ್ಡು ಕಟ್ಟಬೇಕು. ಸೋಲಾರ್ ವಿಷಯ, ನಿಮ್ಮ ಮಾತು ಸುಳ್ಳಲ್ಲ. ಆದರೆ ನಮ್ಮ ಬೋರಿನ ನೀರಲ್ಲಿ ಬೇಳೆಯೇ ಬೇಯುವುದಿಲ್ಲ, ಆ ಗಾಜಿನ ಕೊಳವೆ ಎಷ್ಟು ದಿನ ಬಾಳೀತು? ಮಣ್ಣಿನ ಮಾಳಿಗೆಯ ಮೇಲೆ ಅಷ್ಟು ಭಾರದ ಟ್ಯಾಂಕ್ ಹೊರಿಸಲು ಧೈರ್ಯವೂ ಇಲ್ಲ.

ನಿವೃತ್ತ ಓವರ್‌ಸಿಯರ್, ಸಂಡೂರು

ಮಾಸ್ತರೇ, ಬಾಯ್ಲರೋ ಹಂಡೆಯೋ ಆಮೇಲೆ ನೋಡೋಣ. ನನ್ನ ಚಿಂತೆ ನಿಮ್ಮ ಜಂತಿ. ಅದಕ್ಕೆ ಹಿಡಿದದ್ದು ಬರೀ ಮಸಿಯಲ್ಲ, ಅದೂ ಉರಿಯುವ ವಸ್ತು. ಯಾರೋ ಗೌಂಡಿ ಬಂದು ಬೆಳಕಿಂಡಿಯಲ್ಲೇ ಕಬ್ಬಿಣದ ಕೊಳವೆ ತೂರಿಸಿ ಸುತ್ತ ಮಣ್ಣು ಮೆತ್ತುತ್ತೇನೆ ಎಂದರೆ ಬೇಡ ಅನ್ನಿ. ಒಂಟಿ ಪತ್ರಾದ ಹೊಗೆ ಕೊಳವೆಗೂ ಮರದ ಜಂತಿಗೂ ಒಂದೂವರೆ ಅಡಿ ಅಂತರ ಬೇಕು. ಮಾಳಿಗೆಯಲ್ಲಿ ಆ ಅಂತರ ಎಲ್ಲಿ ಸಿಗುತ್ತದೆ? ಕೊಳವೆಯನ್ನು ಕಲ್ಲಿನ ಗೋಡೆಯಲ್ಲಿ ಹೊರಗೆ ತನ್ನಿ, ಹೊರಗಿಂದ ನೇರ ಮೇಲಕ್ಕೆ ಏರಿಸಿ. ಮಾಳಿಗೆಯ ಕುಂಬಿಗಿಂತ ಮೂರಡಿ ಮೇಲಿರಲಿ. ತಿರುವಿನ ಕೆಳಗೆ ಮಸಿ ತೆಗೆಯಲು ಒಂದು ಮುಚ್ಚಳ ಇಡಿಸಿ. ದಯವಿಟ್ಟು ಪ್ಲಾಸ್ಟಿಕ್ ಪೈಪ್ ಹಾಕಿಸಬೇಡಿ. ನಗಬೇಡಿ, ಹಾಕಿದ್ದನ್ನು ಕಂಡಿದ್ದೇನೆ.

ಇನ್ನು ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಅಸ್ತ್ರ ಎಂಬ ವಿಭಾಗ ಶುರುವಾಯಿತು, ಅಸ್ತ್ರ ಒಲೆ ಬಂದದ್ದು ಅಲ್ಲಿಂದಲೇ. ನಮ್ಮ ಸರ್ವಿಸಿನಲ್ಲಿ ಅಂಥ ಒಲೆ ಬಹಳ ಕಟ್ಟಿಸಿದ್ದೇವೆ. ಅದರ ಗುಟ್ಟು ದೊಡ್ಡದೇನಲ್ಲ. ಕಟ್ಟಿಗೆ ನೆಲದ ಮೇಲೆ ಬೀಳಬಾರದು, ಕಬ್ಬಿಣದ ಜಾಳಿಗೆಯ ಮೇಲೆ ಕೂಡಬೇಕು. ಆಗ ಗಾಳಿ ಕೆಳಗಿಂದ ಬರುತ್ತದೆ, ಬೂದಿ ಕೆಳಗೆ ಉದುರುತ್ತದೆ. ಒಲೆಯ ಬಾಯಿಗೆ ಬಾಗಿಲು ಇರಬೇಕು. ಹಂಡೆಯ ಸುತ್ತ ಗೋಡೆ ತಬ್ಬಿಕೊಂಡಿರಬೇಕು, ಆದರೆ ಅಂಟಿರಬಾರದು. ಎರಡು ಬೆರಳು ಸಂದು ಬಿಡಿ. ಉರಿ ಆ ಸಂದಿನಲ್ಲಿ ಹಂಡೆಯನ್ನು ಸುತ್ತಿ, ಆಮೇಲೆ ಕೊಳವೆಗೆ ಹೋಗಲಿ. ಈಗ ನಿಮ್ಮ ಬಿಸಿ ಹಂಡೆಯ ತಳ ಮುಟ್ಟಿ ಓಡಿಹೋಗುತ್ತಿದೆ, ಅಷ್ಟೇ. ಇಷ್ಟು ಮಾಡಿದರೆ ಐದೂವರೆ ಕೆ.ಜಿ. ಎರಡರ ಹತ್ತಿರ ಬರುತ್ತದೆ.

ರಾತ್ರಿ ಪಾಳಿ ಸಿಸ್ಟರ್, ಕೊಪ್ಪಳ

ಸರ್, ಬಚ್ಚಲ ಬಾಗಿಲು ಹಾಕಿಕೊಂಡು ಸ್ನಾನ ಮಾಡುತ್ತೀರಾ? ಒಲೆ ಒಳಗೇ ಉರಿಯುತ್ತಿರುತ್ತದೆಯಾ? ಹಾಗಿದ್ದರೆ ಬೆಳಕಿಂಡಿ ಮುಚ್ಚುವ ಕೆಲಸ ಎಂದೂ ಮಾಡಬೇಡಿ. ಹೊಗೆ ಕಣ್ಣಿಗೆ ಕಾಣುತ್ತದೆ, ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಕಾಣುವುದಿಲ್ಲ, ವಾಸನೆಯೂ ಇಲ್ಲ. ಮೊದಲು ತಲೆನೋವು, ವಾಂತಿ ಬಂದಂತಾಗುವುದು, ಆಮೇಲೆ ಎಚ್ಚರ ತಪ್ಪುವುದು. ಹೊಗೆ ಇಲ್ಲ ಅಂತ ಬುಟ್ಟಿ ತುಂಬ ಕೆಂಡ ಮಲಗುವ ಕೋಣೆಗೆ ಒಯ್ಯುವವರು ಇದನ್ನೇ ಮರೆಯುತ್ತಾರೆ.

ಅವ್ವಾರಿಗೆ ಕೆಮ್ಮು ಇದೆಯಾ?

ಕರಿಮಣ್ಣಿನ ಮಾಸ್ತರ

ಇದೆ ತಂಗಿ. ಚಳಿಗಾಲದಲ್ಲಿ ಜಾಸ್ತಿ. ಅದು ಚಳಿಗೆ ಬರುವ ಕೆಮ್ಮು ಅಂದುಕೊಂಡಿದ್ದೆವು. ನೀವು ಕೇಳಿದ ಮೇಲೆ ಹೊಗೆಯದೂ ಇರಬಹುದಲ್ಲ ಅನ್ನಿಸಿತು. ನಾಚಿಕೆಯೂ ಆಯಿತು, ಇಷ್ಟು ವರ್ಷ ಮಕ್ಕಳಿಗೆ ದಹನಕ್ರಿಯೆ ಪಾಠ ಮಾಡಿದವನು ನಾನು.

ಓವರ್‌ಸಿಯರ್ ಸಾಹೇಬರ ಮಾತು ಅವ್ವನಿಗೆ ಓದಿ ಹೇಳಿದೆ. "ಬಾಗಲಾ ಹಾಕಿದ ಒಲಿ ಮುಂದ ಏನು ಕಾಸಿಕೊಳ್ಳೂದು? ಕಪಾಟದ ಮುಂದ ಕುಂತಂಗ" ಅಂದಳು. ಈಗ ನನ್ನ ತಲೆಯಲ್ಲಿ ಅದೇ ಕೂತಿದೆ. ಬಿಸಿ ಪೂರ್ತಿ ನೀರಿಗೆ ಹೋದರೆ ಅವ್ವನ ಪಾಲಿಗೆ ಏನೂ ಉಳಿಯುವುದಿಲ್ಲ. ಆ ವ್ಯರ್ಥವಾದ ಎಂಬತ್ತೆಂಟು ಪಾಲಿನಲ್ಲೇ ಅಲ್ವಾ ಅವಳು ಕೈ ಕಾಯಿಸುತ್ತಿದ್ದದ್ದು?

ಕುಷ್ಟಗಿ ಅಕ್ಕ

ಗಂಡಸರೆಲ್ಲ ಸೇರಿ ಲೆಕ್ಕ ಮಾಡಿದ್ದೇ ಮಾಡಿದ್ದು! ಒಲೆಯ ಬಾಯಿ ಬಚ್ಚಲ ಒಳಗೇ ಯಾಕೆ ಇರಬೇಕು, ತಮ್ಮಾ? ನಮ್ಮ ತವರಲ್ಲಿ ಹಂಡೆಯ ಬಾಯಿ ಬಚ್ಚಲ ಒಳಗೆ, ಒಲೆಯ ಬಾಯಿ ಗೋಡೆಯ ಆಚೆ ಹಿತ್ತಿಲಿಗೆ. ಒಳಗಿರುವವರು ತಂಬಿಗೆಯಲ್ಲಿ ನೀರು ತೋಡಿಕೊಳ್ಳುವುದು, ಹೊರಗಿರುವವರು ಕಟ್ಟಿಗೆ ಒಟ್ಟುವುದು. "ಇನ್ನಷ್ಟು ಉರಿ ಹಾಕು" ಎಂದು ಒಳಗಿಂದ ಕೂಗಿದರೆ ಆಯಿತು. ಒಲೆಯ ಪಕ್ಕ ಒಂದು ಹಾಸುಗಲ್ಲಿನ ಕಟ್ಟೆ ಕಟ್ಟಿಸು, ಮೇಲೆ ನಾಲ್ಕು ಪತ್ರಾಸು. ಅವ್ವ ಬಯಲಲ್ಲಿ ಕೂತು ಕಾಯಿಸಿಕೊಳ್ಳಲಿ, ಹೊಗೆ ಅದರ ಪಾಡಿಗೆ ಅದು ಹೋಗಲಿ. ಬಾಗಿಲು ಹಾಕುವುದು ನೀರು ಕಾಯುವಾಗ. ಕಾದ ಮೇಲೆ ತೆಗೆದಿಟ್ಟರೆ ಕೆಂಡ ಅವ್ವನದು.

ಹಂಡೆ ಮಾರಬೇಡ. ತಳ ಬದಲಿಸಿ ಕೊಡುವ ಕಂಚಗಾರರು ಸಂತೆಗೆ ಬರುತ್ತಾರೆ, ಕೇಳಿ ನೋಡು.

ನಿವೃತ್ತ ಓವರ್‌ಸಿಯರ್, ಸಂಡೂರು

ಅಕ್ಕಾವರ ಮಾತಿಗೆ ನನ್ನದೂ ಸಹಿ. ಗೋಡೆ ಒಡೆಯುವ ಮುಂಚೆ ಮೇಲೆ ಒಂದು ಉದ್ದ ಕಲ್ಲು ಕೂಡಿಸಿ, ಆಮೇಲೆ ಕೆಳಗಿನ ಕಲ್ಲು ಬಿಡಿಸಿ. ಉಲ್ಟಾ ಮಾಡಿದರೆ ಗೋಡೆ ಕುಸಿಯುತ್ತದೆ. ಕೊಳವೆಯಲ್ಲಿ ಒಂದು ತಿರುಗುವ ತಟ್ಟೆ ಇಡಿಸಿ, ಉರಿ ಹೆಚ್ಚು ಕಡಿಮೆ ಮಾಡಲು. ಆ ತಟ್ಟೆ ಪೂರ್ತಿ ಮುಚ್ಚುವಂತೆ ಇರಬಾರದು, ಕಾಲು ಭಾಗ ಕತ್ತರಿಸಿರಲಿ.

ಕರಿಮಣ್ಣಿನ ಮಾಸ್ತರ

ಒಂದೂವರೆ ತಿಂಗಳ ಮೇಲೆ ಬರೆಯುತ್ತಿದ್ದೇನೆ. ಒಲೆ ಆಯಿತು.

ಹಂಡೆಗೆ ಮುದಗಲ್ಲಿನಲ್ಲಿ ಹೊಸ ತಳ ಹಾಕಿಸಿದೆ. ಕೆಲಸದವನು ತಾಮ್ರವನ್ನು ತೂಕಕ್ಕೆ ಹಾಕಿ ರೇಟು ಹೇಳಿದಾಗ ಎದೆ ಧಸಕ್ ಅಂದಿತು, ಆದರೂ ಹೊಸ ಬಾಯ್ಲರಿಗಿಂತ ಬಹಳ ಕಡಿಮೆ. ಗೌಂಡಿ ಮೊದಲ ದಿನ ಸಂದು ಬಿಡದೆ ಹಂಡೆಗೆ ಅಂಟಿಸಿಯೇ ಇಟ್ಟಿಗೆ ಕಟ್ಟಿಬಿಟ್ಟಿದ್ದ. "ಸಂದು ಬಿಟ್ಟರ ಬಿಸಿ ಹೊರಗ ಹೊಕ್ಕೈತಲ್ರೀ" ಎಂದು ನನಗೇ ಪಾಠ. ಬಿಚ್ಚಿಸಿ ಮತ್ತೆ ಕಟ್ಟಿಸಿದೆ, ಒಂದು ದಿನದ ಪಗಾರ ಹೋಯಿತು. ಜಾಳಿಗೆಗೆ ಹಳೆಯ ಕುಂಟೆಯ ಕಬ್ಬಿಣ, ಊರ ಕಮ್ಮಾರನೇ ಬಡಿದು ಕೊಟ್ಟ. ಕೊಳವೆ ನಾಲ್ಕು ಇಂಚಿನದು, ಹೊರಗೋಡೆಗೆ.

ಹತ್ತಿಕಟ್ಟಿಗೆಯನ್ನು ಮನೆಯ ಮುಂದೆ ಒಟ್ಟುವುದು ಬಿಟ್ಟಿದ್ದೇನೆ. ಗುಲಾಬಿ ಕಾಯಿಕೊರಕದ ಹುಳ ಒಣಗಿದ ಕಾಯಿಯಲ್ಲಿ ಉಳಿದು ಮುಂದಿನ ಬೆಳೆಗೆ ಬರುತ್ತದೆ ಎಂದು ಕೃಷಿಯವರು ಪ್ರತಿವರ್ಷ ಹೇಳುತ್ತಿದ್ದರು, ನಾವು ಕೇಳಿರಲಿಲ್ಲ. ಕಾಯಿ ಉಳಿದ ಟೊಂಗೆಗಳನ್ನೇ ಮೊದಲು ಉರಿಸಿ ಮುಗಿಸಿದೆವು. ಈಗ ಹೊತ್ತಿಸಲು ಒಂದು ಹಿಡಿ ಹತ್ತಿಕಟ್ಟಿಗೆ, ಆಮೇಲೆ ಎರಡು ತುಂಡು ಜಾಲಿ.

ಕಾಟಾ ಮತ್ತೆ ತಂದಿದ್ದೆ. ಮೊದಲ ವಾರ ದಿನಕ್ಕೆ ಎರಡು ಕೆ.ಜಿ. ಕಾಲು. ನನಗೆ ಖುಷಿಯೋ ಖುಷಿ. ನಾಲ್ಕನೇ ದಿನ ಅವ್ವ ಕಟ್ಟೆಯ ಮೇಲೆ ಕೂತು ಗೊಣಗಿದಳು, "ಇಷ್ಟ್ ಲಗೂ ನೀರು ಕಾದ್ರ ನಾ ಎಷ್ಟೊತ್ತು ಕುಂದರ್ಲಿ?" ಮಾರನೇ ವಾರ ತೂಗಿದರೆ ಮೂರು ಕೆ.ಜಿ. ಮೀರಿತ್ತು. ನಾನು ಶಾಲೆಗೆ ರೆಡಿಯಾಗುವಾಗ ಮೆಲ್ಲಗೆ ಬಾಗಿಲು ತೆಗೆದು ಒಂದು ತುಂಡು ಒಳಗೆ ತಳ್ಳುತ್ತಾಳೆ. ಪಕ್ಕದ ಮನೆಯ ಮುದುಕಿಯೂ ಈಗ ಬರುತ್ತಾಳೆ. ಕಾಟಾ ವಾಪಸ್ ಕೊಟ್ಟುಬಿಟ್ಟೆ.

ಸಿಸ್ಟರ್ ಅವರಿಗೆ: ಕೆಮ್ಮಿಗೆ ತೋರಿಸಿದ್ದೇವೆ. ಔಷಧ ನಡೆದಿದೆ, ಮೊದಲಿಗಿಂತ ಪರವಾಗಿಲ್ಲ. ಫೋಟೋ ಹಾಕಿದ್ದೇನೆ, ನೋಡಿ.

ನಿವೃತ್ತ ಓವರ್‌ಸಿಯರ್, ಸಂಡೂರು

ಚೆನ್ನಾಗಿ ಬಂದಿದೆ. ಕೊಳವೆಯ ತುದಿಗೆ ಟೊಪ್ಪಿಗೆ ಕಾಣುತ್ತಿಲ್ಲವಲ್ಲ? ಮಳೆ ನೀರು ನೇರ ಒಲೆಗೆ ಇಳಿಯುತ್ತದೆ.

ಕರಿಮಣ್ಣಿನ ಮಾಸ್ತರ

ಇಲ್ಲ ಸರ್, ಮರೆತೇಬಿಟ್ಟೆವು. ಸದ್ಯಕ್ಕೆ ಒಂದು ಎಣ್ಣೆ ಡಬ್ಬಿ ಕವುಚಿದ್ದೆ, ಮಂಗ ಬಂದು ಒಯ್ದಿತು. ಶುಕ್ರವಾರ ಗೌಂಡಿ ಬರುತ್ತೇನೆ ಅಂದಿದ್ದಾನೆ.