ಕಾಕಾ ಅವರ ಸಂಪಿನ ಲೆಕ್ಕ

ಕಲಬುರಗಿಯ ಬೇಸಿಗೆಯಲ್ಲಿ ನೀರಿನ ಟ್ಯಾಂಕರ್‌ನವರ ಮಾತನ್ನು ನಂಬುವವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ. ಆದ್ದರಿಂದ ‘ಒಂದು ಮೀಟರಿಗೆ 100 ಸೆಂಟಿಮೀಟರ್ ಇದ್ದಂತೆ ಒಂದು ಘನ ಮೀಟರಿಗೆ 100 ಲೀಟರ್, ಟ್ಯಾಂಕರ್‌ನವರ ಮೋಸವನ್ನು ಎಲ್ಲರಿಗೂ ತಿಳಿಸಿ’ ಎಂಬ ಫಾರ್ವರ್ಡ್ ಮುಂಜಾನೆಯ ಚಹಾದ ಹೊತ್ತಿಗೆ ಕಾಕಾ ಅವರಿಂದ ಬಂದಾಗ, ಪೂರ್ತಿ ಓದುವ ಮೊದಲೇ ಐದು ಮಂದಿ ಕೈಮುಗಿದಿದ್ದರು.

‘ಈ ಲೆಕ್ಕವನ್ನು ಬರೆದವರು ಯಾರು?’ ಎಂದು ಬೀದರದ ತಮ್ಮ ಕೇಳಿದ. ಅವನು ಹಬ್ಬದ ಶುಭಾಶಯಕ್ಕೂ ಆಧಾರ ಕೇಳುವವನು. ‘ಕಾಕಾ, ನಿಮ್ಮ ಸಂಪು 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಒಂದೂವರೆ ಮೀಟರ್ ಆಳವಿದೆ; ಅಂದರೆ 4.5 ಘನ ಮೀಟರ್. ಈ ಫಾರ್ವರ್ಡಿನ ಪ್ರಕಾರ ಅದರಲ್ಲಿ 450 ಲೀಟರ್, ಹದಿನೈದು ಲೀಟರಿನ 30 ಕೊಡ ಮಾತ್ರ ಹಿಡಿಯಬೇಕು.’

ಕಾಕಾ ಲೆಕ್ಕಕ್ಕೆ ಉತ್ತರಿಸಲಿಲ್ಲ. ‘ಹಿರಿಯರನ್ನು ನಾಲ್ಕು ಜನರ ಮುಂದೆ ಹೀಗೆ ಪ್ರಶ್ನಿಸುವುದು ನಮ್ಮ ಮನೆಯ ಪದ್ಧತಿಯಲ್ಲ. ಅಷ್ಟು ತಿಳಿದವನು ಅಕ್ಕನ ಮದುವೆಯಲ್ಲಿ ಇದೇ ಖಾಲಿ ಸಂಪಿಗೆ 5,000 ಲೀಟರಿನ ಟ್ಯಾಂಕರನ್ನು ಏಕೆ ತರಿಸಿದ? ಅಂಗಳವೆಲ್ಲ ಕೆಸರಾಗಿ, ಬೀಗರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಒಳಗೆ ಬಂದದ್ದನ್ನು ನಾನು ಮರೆತಿಲ್ಲ’ ಎಂದು ಬರೆದರು.

‘ಅಂದು ಹೊರಗೆ ಹರಿದದ್ದು 500 ಲೀಟರ್. ನಿಮ್ಮ ಫಾರ್ವರ್ಡ್ ನಿಜವಾಗಿದ್ದರೆ 4,550 ಲೀಟರ್ ಹರಿದು, ಬೀಗರು ಈಜಿಕೊಂಡು ಬರಬೇಕಾಗುತ್ತಿತ್ತು.’

ಇಷ್ಟರಲ್ಲಿ ಯಾದಗಿರಿಯ ಅತ್ತೆಗೆ ಸೇರು, ಪಾವುಗಳ ಕಾಲ ನೆನಪಾಯಿತು. ಹಾಲು ಅಳೆಯುವಾಗ ಅವ್ವ ಪಾವಿನ ಮೇಲೆ ಕೊಸರು ಹಾಕದೆ ಯಾರನ್ನೂ ಕಳುಹಿಸುತ್ತಿರಲಿಲ್ಲವಂತೆ. ಆ ಸೇರು ಊರಿಗೊಂದು ಬಗೆಯಾಗಿದ್ದರಿಂದಲೇ ದೇಶಕ್ಕೆಲ್ಲ ಒಂದೇ ಅಳತೆಯನ್ನು ತರಲು 1956ರಲ್ಲಿ ಕಾಯ್ದೆ ಮಾಡಬೇಕಾಯಿತು ಎಂದು ತಮ್ಮ ಬರೆದದ್ದಕ್ಕೆ ಅತ್ತೆ, ‘ನಮ್ಮ ಅವ್ವನ ಅಳತೆಯನ್ನೂ ಅನುಮಾನಿಸುತ್ತೀಯಾ?’ ಎಂದು ಗುಂಪನ್ನೇ ತೊರೆದರು. ಅವರು ತೊರೆದದ್ದು ಇದು ಮೂರನೆಯ ಸಲ.

ಫಾರ್ವರ್ಡಿನ ತಪ್ಪು ಎಲ್ಲಿದೆ ಎಂದು ನಾನು ವಿವರಿಸಿದೆ. ಘನ ಅಳತೆಯಲ್ಲಿ ಉದ್ದ, ಅಗಲ, ಎತ್ತರ ಮೂರನ್ನೂ ಗುಣಿಸಬೇಕಾದ್ದರಿಂದ 100ನ್ನು ಮೂರು ಸಲ ಇಡಬೇಕು. ಆಗ ಒಂದು ಘನ ಮೀಟರಿಗೆ 10 ಲಕ್ಷ ಘನ ಸೆಂಟಿಮೀಟರ್ ಆಗುತ್ತದೆ. ಸಿರಿಂಜಿನ ಮೇಲಿನ ಒಂದು ಸಿಸಿ, ಅಂದರೆ ಒಂದು ಘನ ಸೆಂಟಿಮೀಟರ್, ಒಂದು ಮಿಲಿಲೀಟರೇ ಆಗಿರುವುದರಿಂದ ಅದು 1,000 ಲೀಟರ್. ಇದಕ್ಕೆ ಯಾರೂ ಕೈಮುಗಿಯಲಿಲ್ಲ.

ಸಂಜೆ ಕಾಕಾ ನನಗೊಬ್ಬನಿಗೇ ಬರೆದರು: ‘ನಾಳೆಗೆ 4,000 ಲೀಟರಿನ ಟ್ಯಾಂಕರ್ ಸಿಗುವುದೇ ಎಂದು ವಿಚಾರಿಸು. ಗುಂಪಿನಲ್ಲಿ ಹೇಳಬೇಡ.’