ಲಿಥಿಯಂ ಮಾತ್ರೆಯ ಜೊತೆಗೆ ಅಕ್ಯುಪಂಕ್ಚರ್: ತಮ್ಮನನ್ನು ಪುಣೆಗೆ ಕರೆದೊಯ್ಯಬಹುದೇ?

ಬೋರಿದಂಡೆ (ಅಕ್ಕಲಕೋಟೆ ತಾಲ್ಲೂಕು) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಅಕ್ಕಲಕೋಟೆ ತಾಲ್ಲೂಕಿನ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯೊಂದರಲ್ಲಿ ಶಿಕ್ಷಕನಾಗಿದ್ದೇನೆ. ನನ್ನ ತಮ್ಮನಿಗೆ ಬೈಪೋಲಾರ್ ಕಾಯಿಲೆ (ಉನ್ಮಾದ ಮತ್ತು ಖಿನ್ನತೆ ಮರಳಿ ಮರಳಿ ಬರುವ ಕಾಯಿಲೆ) ಇದೆ. ಸೊಲ್ಲಾಪುರದ ಮನೋವೈದ್ಯರೊಬ್ಬರು ಲಿಥಿಯಂ ಆರಂಭಿಸಿದ ಮೇಲೆ ಉನ್ಮಾದದ ಹಂತ ಮರಳಿ ಬಂದಿಲ್ಲ. ಸಾಲ ತಂದು ಕಂಡವರಿಗೆಲ್ಲ ಹಂಚುವುದು, ರಾತ್ರಿಯಿಡೀ ಊರು ಸುತ್ತುವುದು, ಮನೆಯವರ ಮೇಲೆ ಹರಿಹಾಯುವುದು, ಇವೆಲ್ಲ ನಿಂತಿವೆ. ಆದರೆ ಖಿನ್ನತೆ ಪೂರ್ತಿಯಾಗಿ ಬಿಟ್ಟುಹೋಗಿಲ್ಲ. ಬೆಳಿಗ್ಗೆ ಏಳಲು ಮನಸ್ಸಿಲ್ಲ, ಮೈ ತೂಕ ಏರಿದೆ, ಕೈ ಸಣ್ಣಗೆ ನಡುಗುತ್ತದೆ. ಅವನು ಟವೆಲ್ ಕಾರ್ಖಾನೆಯಲ್ಲಿ ಮಗ್ಗ ನೋಡಿಕೊಳ್ಳುವವನು. ಹಾಸಿನ ಎಳೆ ಹರಿದಾಗ ಎರಡು ತುದಿಗಳನ್ನು ಬೆರಳಿನಲ್ಲಿ ಹೊಸೆದು ಗಂಟು ಹಾಕಬೇಕು. ನಡುಕದಿಂದಾಗಿ ತುದಿಗೆ ತುದಿ ಕೂಡುವುದಿಲ್ಲ, ಪಕ್ಕದ ಮಗ್ಗದವನನ್ನು ಕರೆಯಬೇಕಾಗುತ್ತದೆ. ಕಾಯಿಲೆಗಿಂತ ಇದೇ ಅವನನ್ನು ಹೆಚ್ಚು ಕುಗ್ಗಿಸಿದೆ.

ನಮ್ಮ ಸಂಬಂಧಿಕರೊಬ್ಬರು ಪುಣೆಯಲ್ಲಿ 'ಇಂಟಿಗ್ರೇಟಿವ್ ಸೈಕಿಯಾಟ್ರಿ' (ಮನೋವೈದ್ಯಕ್ಕೆ ಬೇರೆ ಪದ್ಧತಿಗಳನ್ನು ಸೇರಿಸುವ ಚಿಕಿತ್ಸೆ) ಎಂಬ ಹೆಸರಿನಲ್ಲಿ ನಡೆಯುವ ಕೇಂದ್ರವೊಂದನ್ನು ಸೂಚಿಸಿದ್ದಾರೆ. ಅಲ್ಲಿ ಅಕ್ಯುಪಂಕ್ಚರ್ (ಮೈಗೆ ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆ), ಯೋಗ, ಉಗಿಸ್ನಾನ, ಉಪ್ಪಿಲ್ಲದ ಆಹಾರ ಹಾಗೂ ಕೆಲವು ಗಿಡಮೂಲಿಕೆಗಳ ಕ್ಯಾಪ್ಸೂಲ್‌ಗಳನ್ನು ಒಟ್ಟಿಗೆ ಸೇರಿಸಿದ ಪ್ಯಾಕೇಜ್ ಇದೆಯಂತೆ. ಮೂರು ತಿಂಗಳಲ್ಲಿ ಮಾತ್ರೆಗಳನ್ನು ಇಳಿಸುತ್ತ ಬರಬಹುದು ಎಂದು ಫೋನಿನಲ್ಲಿ ಹೇಳಿದರು. ಅವ್ವ ಈಗಾಗಲೇ ಸ್ವಾಮಿ ಸಮರ್ಥರ ಮಠಕ್ಕೆ ಹರಕೆ ಹೊತ್ತಿದ್ದಾಳೆ. ಅದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಈ ಪ್ಯಾಕೇಜಿನ ವಿಷಯದಲ್ಲಿ ನನಗೆ ಧೈರ್ಯ ಸಾಲುತ್ತಿಲ್ಲ. ತಮ್ಮನಿಗಂತೂ ಹೋಗುವ ಆಸೆ ಬಹಳವಿದೆ. ಈ ವಿಷಯ ಬಲ್ಲವರು ದಯವಿಟ್ಟು ತಿಳಿಸಬೇಕು.

ಇಂಡಿಯವನು ಬರೆದ ಉತ್ತರ:

ಗುರುಗಳೇ, ನಾನು ವಿಜಯಪುರದಲ್ಲಿ ಮನೋವೈದ್ಯ ವಿಭಾಗದಲ್ಲಿ ಕೆಲಸ ಮಾಡುವವನು. ನಿಮ್ಮ ತಮ್ಮನನ್ನು ನಾನು ನೋಡಿಲ್ಲವಾದ್ದರಿಂದ ಇದನ್ನು ಸಾಮಾನ್ಯ ಮಾಹಿತಿಯೆಂದಷ್ಟೇ ತೆಗೆದುಕೊಳ್ಳಿ. ಸೂಜಿಯ ಬಗ್ಗೆ ನನಗೆ ಅಂಥ ಭಯವೇನಿಲ್ಲ. ನಿಮ್ಮ ಬರಹವನ್ನು ಓದುವಾಗ ಎದೆ ಝಲ್ಲೆಂದದ್ದು 'ಉಪ್ಪಿಲ್ಲದ ಆಹಾರ' ಎಂಬ ಮಾತಿಗೆ.

ಲಿಥಿಯಂ ಕೂಡ ಒಂದು ಲವಣವೇ. ಮೂತ್ರಪಿಂಡವು ಸೋಡಿಯಂ ಅನ್ನು ಹೇಗೆ ನಡೆಸಿಕೊಳ್ಳುತ್ತದೆಯೋ ಲಿಥಿಯಂ ಅನ್ನೂ ಬಹುಮಟ್ಟಿಗೆ ಹಾಗೆಯೇ ನಡೆಸಿಕೊಳ್ಳುತ್ತದೆ. ಊಟದಲ್ಲಿ ಉಪ್ಪು ಒಮ್ಮೆಲೇ ಕಡಿಮೆಯಾದರೆ ಅಥವಾ ಬೆವರಿನಲ್ಲಿ ನೀರು ಮತ್ತು ಉಪ್ಪು ಹರಿದುಹೋದರೆ ಮೂತ್ರಪಿಂಡವು ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳಲು ನೋಡುತ್ತದೆ. ಅದರ ಜೊತೆಗೆ ಲಿಥಿಯಂ ಕೂಡ ಒಳಗೇ ಉಳಿಯುತ್ತದೆ. ಮಾತ್ರೆಯ ಪ್ರಮಾಣ ಒಂದು ಗುಂಜಿಯಷ್ಟೂ ಹೆಚ್ಚಾಗದಿದ್ದರೂ ರಕ್ತದಲ್ಲಿನ ಮಟ್ಟ ಏರುತ್ತ ಹೋಗುತ್ತದೆ. ಸಾಮಾನ್ಯವಾಗಿ ನಾವು ಬಯಸುವ ಮಟ್ಟ ಲೀಟರಿಗೆ 0.6ರಿಂದ 1.0 ಮಿಲಿಮೋಲ್, 1.5 ದಾಟಿದರೆ ವಿಷಬಾಧೆಯ ಲಕ್ಷಣಗಳು ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಗುಣಕ್ಕೂ ವಿಷಕ್ಕೂ ನಡುವಿನ ಅಂತರ ಇಷ್ಟು ಕಿರಿದಾಗಿರುವ ಔಷಧಿಗಳು ನಮ್ಮಲ್ಲಿ ಹೆಚ್ಚಿಲ್ಲ. ಉಗಿಸ್ನಾನ, ಉಪವಾಸ, ಸಪ್ಪೆ ಊಟ ಈ ಮೂರೂ ಒಂದೇ ವಾರದಲ್ಲಿ ಸೇರಿದರೆ ಏನಾಗಬಹುದೆಂದು ನೀವೇ ಊಹಿಸಿ. ಇಂಥ ಕೇಂದ್ರಗಳಲ್ಲಿ ಚಹಾ ಮತ್ತು ಕಾಫಿಯನ್ನು ಒಮ್ಮೆಲೇ ಬಿಡಿಸುವುದೂ ಉಂಟು. ಕೆಫೀನ್ ಲಿಥಿಯಂ ಅನ್ನು ಮೂತ್ರದ ಮೂಲಕ ಹೊರಹಾಕಲು ನೆರವಾಗುವುದರಿಂದ, ದಿನಕ್ಕೆ ಹತ್ತು ಕಪ್ ಚಹಾ ಕುಡಿಯುವವನು ಏಕಾಏಕಿ ಬಿಟ್ಟರೂ ಮಟ್ಟ ಏರುತ್ತದೆ. ಪ್ರತಿ ವರ್ಷ ಆಷಾಢ ಏಕಾದಶಿಯ ವಾರಿಗೆಂದು ಪಂಢರಪುರಕ್ಕೆ ನಡೆದುಹೋಗುವ ನಮ್ಮ ರೋಗಿಗಳಿಗೂ ಇದೇ ಮಾತನ್ನು ಹೇಳಿ ಕಳಿಸುತ್ತೇವೆ.

ಇನ್ನು ಅಕ್ಯುಪಂಕ್ಚರ್ ಕೆಲಸ ಮಾಡುತ್ತದೆಯೇ ಎಂಬುದು. ಖಿನ್ನತೆಗೆ ಅದನ್ನು ಬಳಸಿದ 64 ಪ್ರಯೋಗಗಳನ್ನು, ಒಟ್ಟು 7,104 ಜನರ ಫಲಿತಾಂಶಗಳನ್ನು, ಚಿಕಿತ್ಸೆಗಳ ಪುರಾವೆಯನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2018ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಿತು. ಏನೂ ಮಾಡದೆ ಇದ್ದವರಿಗೆ ಅಥವಾ ಮಾಮೂಲಿ ಚಿಕಿತ್ಸೆಯಷ್ಟನ್ನೇ ಪಡೆದವರಿಗೆ ಹೋಲಿಸಿದರೆ ಮಧ್ಯಮ ಮಟ್ಟದ ಉಪಯೋಗ ಕಂಡಿತು. ತೋರಿಕೆಯ ಸೂಜಿಗೆ (ನಿಜವಾದ ಚಿಕಿತ್ಸೆಯೆಂದು ನಂಬಿಸಿ ಚುಚ್ಚಿದಂತೆ ಮಾಡುವುದಕ್ಕೆ) ಹೋಲಿಸಿದಾಗ ಆ ವ್ಯತ್ಯಾಸ ಸಣ್ಣದಾಯಿತು. ಪುರಾವೆಯ ಗುಣಮಟ್ಟ ಕಡಿಮೆಯೆಂದೂ ಅವರೇ ಬರೆದಿದ್ದಾರೆ. 2013ರಲ್ಲಿ ಪ್ರಕಟವಾದ ಬ್ರಿಟನ್ನಿನ 755 ಜನರ ಪ್ರಯೋಗದಲ್ಲಿ, ಮಾಮೂಲಿ ಚಿಕಿತ್ಸೆಗೆ ಅಕ್ಯುಪಂಕ್ಚರ್ ಸೇರಿಸಿದವರಿಗೂ ಆಪ್ತಸಮಾಲೋಚನೆ ಸೇರಿಸಿದವರಿಗೂ ಮೂರು ತಿಂಗಳಲ್ಲಿ ಖಿನ್ನತೆ ಇಳಿದಿತ್ತು. ಆದರೆ ಇವೆಲ್ಲ ಸಾಮಾನ್ಯ ಖಿನ್ನತೆಯ ಮಾತು. ಬೈಪೋಲಾರ್ ವಿಷಯದಲ್ಲಿ ಭರವಸೆಯಿಂದ ಮಾತನಾಡಲು ಬೇಕಾದಷ್ಟು ದೊಡ್ಡ ಪ್ರಯೋಗಗಳಿಲ್ಲ. ಸೂಜಿಯು ಲಿಥಿಯಂನ ಬದಲಿಗೆ ನಿಲ್ಲುತ್ತದೆ ಎಂದು ತೋರಿಸಿದ ಅಧ್ಯಯನವನ್ನು ನಾನು ಕಂಡಿಲ್ಲ.

ಆದ್ದರಿಂದ 'ಮೂರು ತಿಂಗಳಲ್ಲಿ ಮಾತ್ರೆ ಇಳಿಸುತ್ತೇವೆ' ಎಂದು ರೋಗಿಯನ್ನು ನೋಡುವ ಮೊದಲೇ ಫೋನಿನಲ್ಲಿ ಹೇಳಿದ್ದು ನನಗೆ ಸರಿಯೆನಿಸಲಿಲ್ಲ. ಲಿಥಿಯಂ ಅನ್ನು ತಟ್ಟನೆ ನಿಲ್ಲಿಸಿದವರಲ್ಲಿ ಉನ್ಮಾದ ಮರುಕಳಿಸುವುದೂ ಆತ್ಮಹತ್ಯೆಯ ಅಪಾಯ ಹೆಚ್ಚುವುದೂ ದಾಖಲಾಗಿರುವ ಸಂಗತಿ. ಇಂಟಿಗ್ರೇಟಿವ್ ಎನ್ನುವ ಪದ್ಧತಿಯೇ ಕೆಟ್ಟದ್ದೆಂದು ಇದರ ಅರ್ಥವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೇ ಇಂಟಿಗ್ರೇಟಿವ್ ಮೆಡಿಸಿನ್ ವಿಭಾಗವಿದ್ದು, ಯೋಗ ಮತ್ತು ಆಯುರ್ವೇದದ ವೈದ್ಯರು ಮನೋವೈದ್ಯರ ಜೊತೆಗೇ ಕೆಲಸ ಮಾಡುತ್ತಾರೆ. ಅಲ್ಲಿ ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ತಿಳಿದಿರುತ್ತದೆ. ನಿಮ್ಮ ಪುಣೆಯ ಕೇಂದ್ರದವರು ಸೊಲ್ಲಾಪುರದ ವೈದ್ಯರಿಗೆ ಒಂದು ಪತ್ರ ಬರೆಯಲು ಸಿದ್ಧರಿದ್ದಾರೆಯೇ ಎಂದು ಕೇಳಿ ನೋಡಿ.

ಕೈ ನಡುಕದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಸಣ್ಣ ನಡುಕ ಲಿಥಿಯಂನ ಪರಿಚಿತ ಅಡ್ಡಪರಿಣಾಮ. ಅದಕ್ಕೆ ಪುಣೆಗೆ ಹೋಗಬೇಕಾಗಿಲ್ಲ. ಪ್ರಮಾಣವನ್ನು ತುಸು ಹೊಂದಿಸುವುದು, ಮಾತ್ರೆಯ ವೇಳೆ ಅಥವಾ ಬಗೆಯನ್ನು ಬದಲಿಸುವುದು, ಬೇಕಾದರೆ ಪ್ರೊಪ್ರಾನೊಲಾಲ್ ಸೇರಿಸುವುದು, ಹೀಗೆ ಹಲವು ದಾರಿಗಳಿವೆ. ಉಳಿದಿರುವ ಖಿನ್ನತೆಗೂ ಲ್ಯಾಮೋಟ್ರಿಜಿನ್, ಕ್ವೆಟಿಯಾಪಿನ್‌ನಂಥ ಔಷಧಿಗಳಿವೆ. ಮಗ್ಗದಲ್ಲಿ ಗಂಟು ಹಾಕಲು ಆಗುತ್ತಿಲ್ಲ ಎಂಬುದನ್ನು ತಮ್ಮ ತನ್ನ ವೈದ್ಯರಿಗೆ ಹೇಳಿದ್ದಾನೆಯೇ? ಬಹಳಷ್ಟು ಜನ ಹೇಳುವುದಿಲ್ಲ, ನಾವೂ ಓಪಿಡಿಯ ನೂಕುನುಗ್ಗಲಿನಲ್ಲಿ ಕೇಳುವುದಿಲ್ಲ.

ಜತ್ತದ ಅಕ್ಕ ಬರೆದ ಉತ್ತರ:

ಅಣ್ಣಾವರೇ, ನನಗಿರುವುದು ಬೈಪೋಲಾರ್ ಅಲ್ಲ, ಮತ್ತೆ ಮತ್ತೆ ಮರಳುವ ಖಿನ್ನತೆ. ಮಿರಜಿನಲ್ಲಿ ಮನೋವೈದ್ಯರ ಮಾತ್ರೆಯನ್ನು ನಡೆಸಿಕೊಂಡೇ, ಅವರಿಗೆ ತಿಳಿಸಿಯೇ, ಅಕ್ಯುಪಂಕ್ಚರ್ ತೆಗೆದುಕೊಂಡಿದ್ದೇನೆ. ಅದು ಹೇಗಿರುತ್ತದೆ ಎಂಬುದನ್ನಾದರೂ ತಿಳಿಸುತ್ತೇನೆ. ಸೂಜಿ ಕೂದಲಿನಷ್ಟೇ ತೆಳು. ಸಣ್ಣ ಪ್ಲಾಸ್ಟಿಕ್ ನಳಿಕೆಯನ್ನು ಚರ್ಮದ ಮೇಲಿಟ್ಟು ಬೆರಳಿನಿಂದ ತಟ್ಟುತ್ತಾರೆ; ಇಂಜೆಕ್ಷನ್ನಿನ ನೋವು ಅಲ್ಲವೇ ಅಲ್ಲ. ಹುಬ್ಬುಗಳ ನಡುವೆ, ನೆತ್ತಿಯಲ್ಲಿ, ಮಣಿಕಟ್ಟಿನಲ್ಲಿ, ಪಾದದಲ್ಲಿ ಚುಚ್ಚಿ ಸುಮಾರು ಅರ್ಧ ಗಂಟೆ ಮಲಗಿಸುತ್ತಾರೆ. ಮಣಿಕಟ್ಟಿನ ಸೂಜಿಯನ್ನು ಸ್ವಲ್ಪ ತಿರುವಿದಾಗ ಒಂದು ಬಗೆಯ ಭಾರವಾದ ಜೋಮು ಕಿರುಬೆರಳಿನವರೆಗೆ ಇಳಿಯುತ್ತಿತ್ತು.

ನನಗೆ ನಿದ್ದೆ ಸುಧಾರಿಸಿತು, ಎದೆಯ ಬಿಗಿತ ಸಡಿಲಿತು. ದುಃಖದ ಮೂಲಕ್ಕೆ ಅದು ತಲುಪಿತೆಂದು ನಾನು ಹೇಳಲಾರೆ. ಯಾರೂ ಮಾತನಾಡಿಸದ, ಅಡುಗೆ ಕೇಳದ ಅರ್ಧ ಗಂಟೆ ಸಿಕ್ಕಿದ್ದರ ಪಾಲೂ ಅದರಲ್ಲಿ ಇರಬಹುದು; ಇದ್ದರೆ ಇರಲಿ, ನನಗೆ ಅದರಿಂದ ಬೇಸರವಿಲ್ಲ. ನೀವು ಎಲ್ಲಿಗೆ ಹೋದರೂ ಸೂಜಿಯ ಪೊಟ್ಟಣವನ್ನು ಕಣ್ಣೆದುರಿಗೇ ಒಡೆಯಬೇಕು, ಒಮ್ಮೆ ಬಳಸಿದ್ದನ್ನು ಎಸೆಯಬೇಕು ಎಂದು ಮೊದಲೇ ಹೇಳಿ. ಎದೆಯ ಮೇಲೆ ಮತ್ತು ಭುಜದ ಮೇಲ್ಭಾಗದಲ್ಲಿ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ತಾಗುವ ಅಪಾಯ ಅಪರೂಪಕ್ಕಾದರೂ ಇರುವುದರಿಂದ ತರಬೇತಿ ಪಡೆದವರನ್ನೇ ಹುಡುಕಬೇಕು. ನಮ್ಮ ಮಹಾರಾಷ್ಟ್ರದಲ್ಲಿ ಅಕ್ಯುಪಂಕ್ಚರಿಗೆ ಪ್ರತ್ಯೇಕ ಕಾನೂನು ಇದ್ದು, ಅದರಡಿ ಕೌನ್ಸಿಲ್ ಒಂದು ಚಿಕಿತ್ಸಕರನ್ನು ನೋಂದಾಯಿಸುತ್ತದೆ. ನೋಂದಣಿ ಸಂಖ್ಯೆ ಕೇಳುವುದಕ್ಕೆ ಸಂಕೋಚಪಡಬೇಡಿ.

ಖರೇಮಾತು ಬರೆದ ಉತ್ತರ:

ಸೂಜಿ, ಉಗಿ, ಕ್ಯಾಪ್ಸೂಲ್ ಎಲ್ಲವೂ ಮಧ್ಯಮವರ್ಗದ ಭಯವನ್ನು ಮಾರುವ ಅಂಗಡಿಗಳು. ಆ ಹಣದಲ್ಲಿ ತಮ್ಮನಿಗೆ ಒಳ್ಳೆಯ ಊಟ ಹಾಕಿಸಿ.

ಮಂದ್ರೂಪದ ಔಷಧ ಅಂಗಡಿಯವನು ಬರೆದ ಉತ್ತರ:

ಮೇಲಿನವರ ಮಾತು ಸ್ವಲ್ಪ ಕಟುವಾಯಿತು. ಮಾತ್ರೆ ತಿಂದೂ ಅರ್ಧ ಬದುಕನ್ನಷ್ಟೇ ಮರಳಿ ಪಡೆದವನು ಉಳಿದರ್ಧಕ್ಕೆ ಬೇರೆ ಬಾಗಿಲು ತಟ್ಟುವುದು ಸಹಜವೇ ಆಗಿದೆ.

ಕ್ಯಾಪ್ಸೂಲ್‌ಗಳ ಹೆಸರನ್ನು ಬರೆಸಿಕೊಳ್ಳದೆ ಒಂದನ್ನೂ ನುಂಗಿಸಬೇಡಿ. ಅಂಗಡಿಗೆ ಬರುವ ಡಬ್ಬಿಗಳಲ್ಲಿ ಅನೇಕವುಗಳ ಮೇಲೆ 'ಬ್ರೇನ್ ಟಾನಿಕ್' ಎಂಬುದು ದೊಡ್ಡ ಅಕ್ಷರದಲ್ಲಿಯೂ ಒಳಗಿರುವ ವಸ್ತುಗಳ ಹೆಸರು ಭೂತಗನ್ನಡಿಗೂ ನಿಲುಕದ ಅಕ್ಷರದಲ್ಲಿಯೂ ಇರುತ್ತವೆ. ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಖಿನ್ನತೆಗೆ ಪ್ರಸಿದ್ಧವಾದರೂ ಬೈಪೋಲಾರ್ ಇರುವವರಲ್ಲಿ ಉನ್ಮಾದವನ್ನು ಕೆರಳಿಸಬಲ್ಲದು, ಇತರ ಅನೇಕ ಔಷಧಿಗಳ ಬಲವನ್ನೂ ಕುಂದಿಸುತ್ತದೆ. ಅಶ್ವಗಂಧ ಥೈರಾಯ್ಡ್ ಮೇಲೆ ಪರಿಣಾಮ ಬೀರಬಲ್ಲದು; ಲಿಥಿಯಂ ತೆಗೆದುಕೊಳ್ಳುವವರ ಥೈರಾಯ್ಡ್ ಮೇಲೆ ಮೊದಲೇ ಕಣ್ಣಿಡಬೇಕು. ಸರ್ಪಗಂಧವನ್ನು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಬಳಸಬಹುದೆಂದು ಕೋಲ್ಕತ್ತದ ಇಬ್ಬರು ವೈದ್ಯರು 1931ರಲ್ಲಿಯೇ ಬರೆದಿದ್ದರು, 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಡಿಸಲಾಯಿತು. ಆದರೆ ಅದೇ ರಿಸರ್ಪಿನ್ ಕೆಲವರನ್ನು ಖಿನ್ನತೆಗೆ ದೂಡಬಹುದೆಂಬ ಎಚ್ಚರಿಕೆಯೂ ಬಂತು. ಗಿಡದ್ದಾದರೇನು, ಅದೂ ಮದ್ದೇ.

ಇನ್ನೊಂದು ಮಾತು. ಮೊಣಕಾಲು ನೋವೆಂದು ನಮ್ಮಲ್ಲಿಗೆ ಬಂದು ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಕೇಳುವವರಲ್ಲಿ ಲಿಥಿಯಂ ತೆಗೆದುಕೊಳ್ಳುವವರೂ ಇರುತ್ತಾರೆ. ಈ ನೋವಿನ ಗುಳಿಗೆಗಳೂ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಸೊಲ್ಲಾಪುರದ ಬೇಸಿಗೆಯಲ್ಲಿ, ಅದೂ ಮಗ್ಗದ ಶೆಡ್ಡಿನೊಳಗೆ, ದಿನವಿಡೀ ಬೆವರುವ ಮನುಷ್ಯನಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕು.

ಬೋರಿದಂಡೆ:

ಎಲ್ಲರಿಗೂ ಕೃತಜ್ಞತೆಗಳು. ನೀವು ಬರೆದುದನ್ನು ತಮ್ಮನಿಗೆ ಓದಿ ಹೇಳಿದೆ. ಗಂಟು ಹಾಕಲು ಆಗದಿರುವುದನ್ನು ಅವನು ವೈದ್ಯರಿಗೆ ಹೇಳಿಯೇ ಇಲ್ಲ. ಅಲ್ಲಿ ಮರಾಠಿಯಲ್ಲಿ ಹೇಳಬೇಕು, ಹೇಳಿದರೆ ಕೆಲಸಕ್ಕೆ ಅಯೋಗ್ಯನೆಂದು ಚೀಟಿ ಬರೆದಾರು ಎಂಬ ಹೆದರಿಕೆಯಂತೆ. ಈ ಸಲ ನಾನೇ ಜೊತೆಗೆ ಹೋಗುತ್ತೇನೆ. ಪುಣೆಯ ಕೇಂದ್ರಕ್ಕೆ ಫೋನ್ ಮಾಡಿ ಸೊಲ್ಲಾಪುರದ ವೈದ್ಯರಿಗೆ ಪತ್ರ ಬರೆಯುವಿರಾ ಎಂದು ಕೇಳಿದ್ದಕ್ಕೆ 'ನಮ್ಮ ಪದ್ಧತಿ ಅವರಿಗೆ ತಿಳಿಯುವುದಿಲ್ಲ' ಎಂಬ ಉತ್ತರ ಬಂತು. ಅಲ್ಲಿಗೆ ಅದನ್ನು ಕೈಬಿಟ್ಟೆವು. ಆದರೆ ಸೂಜಿಯ ಆಸೆಯನ್ನು ಅವನು ಬಿಟ್ಟಿಲ್ಲ. ನೋಂದಾಯಿತರು ಸೊಲ್ಲಾಪುರದಲ್ಲಿಯೇ ಸಿಕ್ಕರೆ ಮಾತ್ರೆಯ ಜೊತೆಗೆ ಅದಷ್ಟನ್ನೇ ಮಾಡಿಸಬಹುದೇ? ಅವನಿಗೆ ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಯಾವ ಹೊತ್ತಿಗೆ ಹೋಗುವುದು ಒಳ್ಳೆಯದು?

ಇಂಡಿಯವನು:

ಗುರುಗಳೇ, ವಾರಕ್ಕೊಮ್ಮೆ ಪಾಳಿ ಬದಲಾಗುತ್ತದೆ ಎಂಬುದನ್ನು ನೀವು ಮೊದಲೇ ಬರೆದಿದ್ದರೆ ನಾನು ಅಲ್ಲಿಂದಲೇ ಆರಂಭಿಸುತ್ತಿದ್ದೆ. ಬೈಪೋಲಾರ್ ಕಾಯಿಲೆಯಲ್ಲಿ ನಿದ್ದೆ ಕೆಡುವುದು ಉನ್ಮಾದದ ಲಕ್ಷಣವೂ ಹೌದು, ಅದನ್ನು ಬಡಿದೆಬ್ಬಿಸುವ ಕಾರಣವೂ ಹೌದು. ಏಳುವ, ಉಣ್ಣುವ, ಮಲಗುವ ಹೊತ್ತನ್ನು ದಿನವೂ ಒಂದೇ ರೀತಿಯಲ್ಲಿ ಕಾಯ್ದುಕೊಳ್ಳುವುದನ್ನೇ ತಿರುಳಾಗಿ ಹೊಂದಿದ ಮನೋಚಿಕಿತ್ಸೆಯೊಂದು ಈ ಕಾಯಿಲೆಗೆಂದೇ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಕಾರ್ಖಾನೆಯ ಮಾಲೀಕರಿಂದ ಕಾಯಂ ಹಗಲು ಪಾಳಿ ಪಡೆಯುವುದು ನೀವು ಹೇಳಿದ ಇಡೀ ಪ್ಯಾಕೇಜಿಗಿಂತ ಹೆಚ್ಚು ಉಪಯುಕ್ತ ಚಿಕಿತ್ಸೆ. ಅದಕ್ಕೆ ವೈದ್ಯರಿಂದ ಚೀಟಿ ಬರೆಸಿಕೊಳ್ಳಿ. ಕಾಯಿಲೆಯ ಹೆಸರನ್ನು ಅದರಲ್ಲಿ ಬರೆಯಲೇಬೇಕೆಂದಿಲ್ಲ.

ಸೂಜಿ ಮಾಡಿಸಬಹುದು, ಮನೋವೈದ್ಯರಿಗೆ ತಿಳಿಸಿ. ಯೋಗವನ್ನೂ ಮಾಡಲಿ, ಆದರೆ ವೇಗವಾಗಿ ಉಸಿರೆಳೆದು ಬಿಡುವ ಕ್ರಿಯೆಗಳು ಬೇಡ. ಅವುಗಳಿಂದ ಉನ್ಮಾದ ಕೆರಳಿದ ಪ್ರಕರಣಗಳು ವರದಿಯಾಗಿವೆ. ನಿಮ್ಹಾನ್ಸ್‌ನಲ್ಲಿ 45 ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸದಿಂದ ನೂರಕ್ಕೆ 67 ಜನ ಚೇತರಿಸಿಕೊಂಡರೆಂಬುದನ್ನು ಯಾರಾದರೂ ನಿಮಗೆ ತೋರಿಸಬಹುದು. ಅದು ತೀವ್ರ ಖಿನ್ನತೆಯ ರೋಗಿಗಳ ಮೇಲೆ ನಡೆದದ್ದು, ನಿಮ್ಮ ತಮ್ಮನ ಕಾಯಿಲೆಯ ಮೇಲಲ್ಲ.

ಕಾನೂನಿನ ಒಂದು ಅಂಶವೂ ನಿಮಗೆ ಉಪಯೋಗವಾಗಬಹುದು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ ಪ್ರಕಾರ, ಮುಂದೆ ತೀರ್ಮಾನಿಸುವ ಸ್ಥಿತಿಯಲ್ಲಿ ತಾನು ಇಲ್ಲದಿದ್ದಾಗ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನು ರೋಗಿ ಮೊದಲೇ ಬರೆದಿಡಬಹುದು. ಈಗ ತಮ್ಮ ಸ್ವಸ್ಥಚಿತ್ತನಾಗಿದ್ದಾನೆ; ಬರೆದಿಡಲು ಇದೇ ಸರಿಯಾದ ಸಮಯ. ನಡುರಾತ್ರಿ ಏನಾದರೂ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವೂ ಇದೆ.

ಈ ಸಲ ಹೋಗುವಾಗ ಲಿಥಿಯಂ ಮಟ್ಟ, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಥೈರಾಯ್ಡ್ ಮತ್ತು ಕ್ಯಾಲ್ಸಿಯಂ ಪರೀಕ್ಷೆಗಳನ್ನು ಮಾಡಿಸಿಕೊಂಡೇ ಹೋಗಿ. ಲಿಥಿಯಂಗೆ ರಕ್ತ ಕೊಡುವುದು ಕೊನೆಯ ಮಾತ್ರೆ ನುಂಗಿದ 12 ಗಂಟೆಗಳ ನಂತರ. ರಾತ್ರಿ ಒಂಬತ್ತಕ್ಕೆ ತೆಗೆದುಕೊಂಡಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬಿನಲ್ಲಿರಲಿ, ಬೆಳಗಿನ ಮಾತ್ರೆಯಿದ್ದರೆ ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಲಿ. ನಡುಕ ಈಗಿರುವುದಕ್ಕಿಂತ ಒರಟಾದರೆ, ವಾಂತಿ ಭೇದಿ ಆರಂಭವಾದರೆ, ನಾಲಗೆ ತೊದಲಿ ನಡಿಗೆ ಓಲಾಡಿದರೆ ಮುಂದಿನ ಮಾತ್ರೆಯನ್ನು ಕೊಡದೆ ಅದೇ ದಿನ ಸಿವಿಲ್ ಆಸ್ಪತ್ರೆಗೆ ಕರೆದೊಯ್ಯಿರಿ.