ದ್ರವ ಲೋಹದ ಬೇರಿಂಗ್: ಈ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಉತ್ತರ ಕೊಡುವವರು ಅತಿವೇಗದ ಟರ್ಬೈನ್ ಬೇರಿಂಗ್‌ಗಳ ಕೆಲಸದಲ್ಲೇ ನಿವೃತ್ತರಾದ ಇಂಜಿನಿಯರ್. ವಿಷಯ, ಬಾಹ್ಯಾಕಾಶದಲ್ಲಿ ಕರೆಂಟ್ ತಯಾರಿಸುವ ಯಂತ್ರಗಳಲ್ಲಿ ಎಣ್ಣೆಯ ಬದಲು ದ್ರವ ಲೋಹ.

ಮಲ್ಲೇಶ್ವರದ ಸದಸ್ಯೆ: ಸರ್, ಎಣ್ಣೆ ಇರುವಾಗ ಲೋಹ ಯಾಕೆ?

ಉತ್ತರ: ಪೊಟ್ಯಾಸಿಯಂ ಆವಿಯಿಂದ ತಿರುಗುವ ಟರ್ಬೈನ್ ಇದೆ ಅಂದುಕೊಳ್ಳಿ ಮೇಡಂ. ಆ ಬಿಸಿಗೆ ಎಣ್ಣೆ ಕೆಟ್ಟು ಕರಿಯಾಗುತ್ತದೆ. ಎಣ್ಣೆ, ಆವಿ ಬೆರೆಯದಂತೆ ವರ್ಷಗಟ್ಟಲೆ ತಡೆಯುವ ಸೀಲ್ ಮಾಡುವುದೂ ಕಷ್ಟ. ಅದೇ ಪೊಟ್ಯಾಸಿಯಂ ದ್ರವವನ್ನು ಬೇರಿಂಗ್‌ಗೂ ಕೊಟ್ಟರೆ, ಸೋರಿದರೂ ಬೇರೆ ಏನೂ ಬೆರೆಯುವುದಿಲ್ಲ. 1960ರ ದಶಕದಲ್ಲಿ ಅಮೆರಿಕದ ಸ್ನ್ಯಾಪ್-2 ಎಂಬ ಬಾಹ್ಯಾಕಾಶ ಪರಮಾಣು ವಿದ್ಯುತ್ ಯೋಜನೆಯಲ್ಲಿ ಟರ್ಬೈನ್‌ಗೂ ಪಾದರಸ, ಬೇರಿಂಗ್‌ಗೂ ಪಾದರಸ. ವೇಗ ನಿಮಿಷಕ್ಕೆ 36,000 ಸುತ್ತು.

ರಾಜಾಜಿನಗರ: ಗ್ಯಾಲಿಯಂ (ಕೈಬಿಸಿಗೇ ಕರಗುವ ಲೋಹ) ಹಚ್ಚಿದರೆ ಸೀಲಿಂಗ್ ಫ್ಯಾನ್ ಜೀವನಪೂರ್ತಿ ಶಬ್ದ ಮಾಡಲ್ಲ ಅಂತ ಫಾರ್ವರ್ಡ್ ಬಂದಿದೆ. ನಿಜಾನಾ?

ಉತ್ತರ: ಹಚ್ಚಬೇಡಿ. ಗ್ಯಾಲಿಯಂ ಅಲ್ಯೂಮಿನಿಯಂ ಒಳಗೆ ಇಳಿದು ಅದನ್ನು ಪುಡಿಪುಡಿ ಮಾಡುತ್ತದೆ. ಫ್ಯಾನಿನ ರೆಕ್ಕೆ, ಕವರ್ ಹೆಚ್ಚಾಗಿ ಅಲ್ಯೂಮಿನಿಯಂ. ಅದರ ಕೆಳಗೆ ಜನ ಮಲಗುತ್ತಾರೆ. ಹೊಸ ಬೇರಿಂಗ್ ಹಾಕಿಸಿ.

ಯಲಹಂಕದ ವಿದ್ಯಾರ್ಥಿ: ಸರ್, ನಮ್ಮ ಪ್ರಾಜೆಕ್ಟ್ ರಿಗ್‌ನಲ್ಲಿ (ಪರೀಕ್ಷೆಯ ಯಂತ್ರ) ಶಾಫ್ಟ್ ನೆಟ್ಟಗೆ ನಿಂತಿದೆ. ವ್ಯಾಸ 30 ಮಿ.ಮೀ., ಬೇರಿಂಗ್ ಅಂದರೆ ಸಾದಾ ಬುಷ್ (ಶಾಫ್ಟ್ ಸುತ್ತಲಿನ ಕೊಳವೆ), ಸುತ್ತ 50 ಮೈಕ್ರಾನ್ ಸಂದು. ಲೋಹದ ಬದಲು ಸದ್ಯ ನೀರು. 12,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಸುತ್ತು) ವಿಪರೀತ ನಡುಗುತ್ತದೆ. ನಡುಕದ ಗ್ರಾಫಿನಲ್ಲಿ 96 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 96 ಸಲಕ್ಕೆ, ದೊಡ್ಡ ಪೀಕ್. ಮೂರು ಸಲ ಬ್ಯಾಲೆನ್ಸ್ ಮಾಡಿದೆವು, ಹೋಗಲಿಲ್ಲ. ಮುಂದೆ ಸೋಡಿಯಂ-ಪೊಟ್ಯಾಸಿಯಂ ಮಿಶ್ರಣ ಹಾಕಬೇಕು ಅಂತಿದ್ದೇವೆ. ಲ್ಯಾಬ್ ಬೀರುವಿನಲ್ಲಿ ಸೀಮೆಎಣ್ಣೆಯೊಳಗೆ ಹಳೇ ಪೊಟ್ಯಾಸಿಯಂ ಇದೆ. ಮೇಲೆ ಹಳದಿ ಹೆಕ್ಕಳ ಕಟ್ಟಿದೆ. ಕೆರೆದು ತೆಗೆದರೆ ಸಾಕು ಅಂತಾರೆ ಸೀನಿಯರ್.

ಉತ್ತರ: ಮೊದಲು ಬಾಟಲಿ. ಮುಟ್ಟಬೇಡಿ, ತೆರೆಯಬೇಡಿ, ಅಲ್ಲಾಡಿಸಬೇಡಿ. ಆ ಹಳದಿ ಪೊಟ್ಯಾಸಿಯಂ ಸೂಪರ್‌ಆಕ್ಸೈಡ್. ಚಾಕು ಒತ್ತಿದಾಗ ಅದು ಕೆಳಗಿನ ಲೋಹಕ್ಕೋ ಸೀಮೆಎಣ್ಣೆಗೋ ಸೇರಿದರೆ ಸಿಡಿಯುತ್ತದೆ. ಇಂದೇ ವಿಭಾಗದ ಮುಖ್ಯಸ್ಥರಿಗೆ ತಿಳಿಸಿ. ವಿಲೇವಾರಿ ಗೊತ್ತಿರುವವರೇ ಬರಬೇಕು.

ಇನ್ನು ನಡುಕ. ಶಾಫ್ಟ್ ಸೆಕೆಂಡಿಗೆ 200 ಸುತ್ತು, ಪೀಕ್ 96. ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಅಲ್ವಾ? ಇದು ಬ್ಯಾಲೆನ್ಸ್ ತಪ್ಪಿದ್ದಲ್ಲ. ಸಂದಿನ ದ್ರವ ಸರಾಸರಿ ಅರ್ಧ ವೇಗದಲ್ಲಿ ಸುತ್ತುತ್ತದೆ, ಶಾಫ್ಟನ್ನೂ ಜೊತೆಗೆ ಸುತ್ತಿಸುತ್ತದೆ. ನಾವು ಇದನ್ನು ವರ್ಲ್ ಅನ್ನುತ್ತೇವೆ. ಶಾಫ್ಟ್ ಮಲಗಿದ್ದರೆ ಅದರ ತೂಕ ಒಂದು ಬದಿಗೆ ಒತ್ತಿ ಹಿಡಿಯುತ್ತದೆ. ನೆಟ್ಟಗೆ ನಿಂತಾಗ ಆ ಒತ್ತಡ ಇಲ್ಲ. ಬಾಹ್ಯಾಕಾಶದಲ್ಲೂ ಇಲ್ಲ. ಅಂದರೆ ನಿಮ್ಮ ರಿಗ್ ಸರಿಯಾದ ತೊಂದರೆಯನ್ನೇ ತೋರಿಸುತ್ತಿದೆ. ನನಗೆ ಇದು ತುಂಬಾ ಖುಷಿ ಕೊಟ್ಟಿತು.

ಇನ್ನೊಂದು ಲೆಕ್ಕ. ಶಾಫ್ಟಿನ ಮೈ ವೇಗ ಸೆಕೆಂಡಿಗೆ ಸುಮಾರು 19 ಮೀಟರ್. ನಿಮ್ಮ ಸಂದಿಗೆ ರೆನಾಲ್ಡ್ಸ್ ಸಂಖ್ಯೆ (ಹರಿವು ಎಷ್ಟು ಕದಡಬಹುದು ಅನ್ನುವ ಅಳತೆ) 940ರ ಆಸುಪಾಸು ಬರುತ್ತದೆ. ಇಷ್ಟು ಸಂದಿನಲ್ಲಿ 710 ದಾಟಿದರೆ ಸುಳಿ ಏಳುತ್ತದೆ. ಪುಸ್ತಕದ ಸಾದಾ ಸೂತ್ರ ಅಲ್ಲಿ ನಡೆಯುವುದಿಲ್ಲ. ಬಿಸಿ ಪೊಟ್ಯಾಸಿಯಂ ನೀರಿಗಿಂತ ತೆಳು, ಅಲ್ಲಿ ಈ ಸಂಖ್ಯೆ ಇನ್ನೂ ಜಾಸ್ತಿ. ವರ್ಲ್ ತಡೆಯಲು ಸಾದಾ ಬುಷ್ ತೆಗೆದು ತಾನೇ ಓರೆಯಾಗುವ ಟಿಲ್ಟಿಂಗ್ ಪ್ಯಾಡ್ ಹಾಕಿ. ನೀರಿನಲ್ಲೇ ಮುಗಿಸಿ. 90 ಡಿಗ್ರಿಯ ನೀರು ಹರಿಯುವ ರೀತಿ ಬಿಸಿ ಪೊಟ್ಯಾಸಿಯಂಗೆ ಹತ್ತಿರ ಇದೆ, ಲೋಹ ಬೇಕಾಗಿಲ್ಲ.

ಪೀಣ್ಯ: ಇದೆಲ್ಲಾ ಹಳೇ ಕಥೆ. ನಾಸಾ ಬ್ರೇಟನ್ ಯಂತ್ರವನ್ನು (ಬಿಸಿ ಗ್ಯಾಸಿನಿಂದ ತಿರುಗುವ ಟರ್ಬೈನ್) ಗ್ಯಾಸ್ ಬೇರಿಂಗ್ ಮೇಲೆ, ಅಂದರೆ ದ್ರವದ ಬದಲು ಗ್ಯಾಸಿನ ಪದರದ ಮೇಲೆ, 36,000 ಆರ್‌ಪಿಎಂ ಓಡಿಸಿತ್ತು. ದ್ರವ ಲೋಹ ಯಾರಿಗೆ ಬೇಕು?

ಜಯನಗರ: ಸ್ಕ್ಯಾನಿಂಗ್ ಸೆಂಟರ್‌ಗೆ ಬೇಕು. ಕೆಲವು ಸಿಟಿ ಸ್ಕ್ಯಾನ್ ಎಕ್ಸ್‌ರೇ ಟ್ಯೂಬಿನಲ್ಲಿ ಗ್ಯಾಲಿಯಂ ಮಿಶ್ರಲೋಹದ ಬೇರಿಂಗ್ ಇರುತ್ತೆ. ಫಿಲಿಪ್ಸ್ 1989ರಲ್ಲೇ ತಂದಿತು. ನಾನು ಅದೇ ಸರ್ವೀಸ್ ಮಾಡುವವನು.

ಪೀಣ್ಯ: ಟ್ಯೂಬ್ ಬೇರೆ, ಟರ್ಬೈನ್ ಬೇರೆ. ವಿಷಯ ತಿರುಗಿಸಬೇಡಿ.

ಜಯನಗರ: ಯಾರಿಗೆ ಬೇಕು ಅಂತ ಕೇಳಿದ್ದು ನೀವು.

ಬಸವನಗುಡಿ: ಟಿಲ್ಟಿಂಗ್ ಪ್ಯಾಡಿಗೆ ಯಾವ ಲೋಹ ಒಳ್ಳೇದು ಸರ್?

ಹೆಬ್ಬಾಳ: ಲ್ಯಾಬಿನವರು ಒದ್ದೆ ಗೋಣಿಚೀಲ ಇಟ್ಟುಕೊಳ್ಳಿ. ಯಾವ ಬೆಂಕಿಗೂ ಆಗುತ್ತೆ. ಫಾರ್ವರ್ಡ್ ಹಾಕಿದ್ದೇನೆ, ಎಲ್ಲರಿಗೂ ಕಳಿಸಿ.

ಉತ್ತರ: ದಯವಿಟ್ಟು ಅಳಿಸಿ, ಈಗಲೇ. ಪೊಟ್ಯಾಸಿಯಂನಂಥ ಲೋಹಕ್ಕೆ ನೀರು ತಾಗಿದರೆ ಹೈಡ್ರೋಜನ್ ಎದ್ದು ಅದೂ ಹೊತ್ತುತ್ತದೆ. ಒದ್ದೆ ಗೋಣಿ ಹಾಕಿದವರ ಕೈ, ಮುಖ ಸುಡುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ಬೇಡ. ಲೋಹದ ಬೆಂಕಿಗೆ ಅಂತಲೇ ಇರುವ ಡಿ ಕ್ಲಾಸ್ ಒಣ ಪುಡಿ ಮಾತ್ರ.

ಹೆಬ್ಬಾಳ: ಒಳ್ಳೇದಕ್ಕೆ ಹೇಳಿದ್ದು. ಇಷ್ಟು ಗಡುಸಾಗಿ ಯಾಕೆ ಮಾತಾಡ್ತೀರಿ?

ಉತ್ತರ: ಅಲ್ಲಿ ಹುಡುಗರಿದ್ದಾರೆ. ಅದಕ್ಕೇ.

ವಿಜಯನಗರ: ಫ್ಯಾನ್‌ಗೆ ಗ್ಯಾಲಿಯಂ ಹಾಕಬಹುದಾ ಸರ್?

ಉತ್ತರ: ಬೇಡ. ಮೇಲೆ ಓದಿ.

ಪೀಣ್ಯ: ಗ್ಯಾಸ್ ಬೇರಿಂಗ್ ಬಗ್ಗೆ ಉತ್ತರ ಬರಲೇ ಇಲ್ಲ.

ಉತ್ತರ: ಯಲಹಂಕದವರೇ, ಬಾಟಲಿ ಮುಟ್ಟಿದ್ದೀರಾ? ಒಂದು ಸಾಲು ಬರೆಯಿರಿ.

ಪೀಣ್ಯ: ಅವರೊಬ್ಬರಿಗೇನಾ ಈ ಗುಂಪು?

ಯಲಹಂಕದ ವಿದ್ಯಾರ್ಥಿ: ಇಲ್ಲ ಸರ್. ಸೀನಿಯರ್ ನಾಳೆ ತೆರೆಯುವವರಿದ್ದರು, ಫೋನ್ ಮಾಡಿ ತಡೆದೆ. ಎಚ್‌ಒಡಿ ಬೀರುವಿಗೆ ಬೀಗ ಹಾಕಿಸುತ್ತಿದ್ದಾರೆ.

ಉತ್ತರ: ಸರಿ. ಬೀರುವಿನ ಮೇಲೆ ಚೀಟಿಯನ್ನೂ ಅಂಟಿಸಿ. ಪ್ಯಾಡ್ ಹಾಕಿದ ಮೇಲೆ 96ರ ಪೀಕ್ ಏನಾಯಿತು ಅಂತ ಗ್ರಾಫ್ ಕಳಿಸಿ.